ಅಡಿಕೆ ಸುಲಿಯುವ ಕಾಲದಲ್ಲಿ ಅಮ್ಮನಿಗೆ ದಿನವೂ ನೋವಿನ ಮಾತ್ರೆ: ಎಷ್ಟು ದಿನ ಕೊಡಬಹುದು?

ತೋಟದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಕೊಯ್ಲು ಶುರುವಾಗಿದೆ. ನಮ್ಮ ಕಡೆ ಕೆಂಪಡಿಕೆ ಮಾಡುವುದರಿಂದ ಕೊಯ್ದ ಕಾಯಿ ಇಟ್ಟುಕೊಂಡು ಕೂರುವ ಹಾಗಿಲ್ಲ, ಬೇಗ ಸುಲಿದು ಬೇಯಿಸಲೇಬೇಕು. ಹಾಗಾಗಿ ರಾತ್ರಿ ಊಟ ಆದಮೇಲೂ ಮೆಟ್ಟುಗತ್ತಿ ಮುಂದೆ ಕೂರುವುದು ಮಾಮೂಲು. ಅಮ್ಮನಿಗೆ 64 ವರ್ಷ. ಎರಡೂ ಮಂಡಿ ಸವೆದಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ. ಕೂತರೆ ಏಳಲು ಆಗುವುದಿಲ್ಲ, ಆದರೆ ಸುಲಿಯುವುದು ಬಿಡಿ ಅಂದರೆ ಕೇಳುವವರಲ್ಲ.

ಈಗ ಬೆಳಿಗ್ಗೆ ತಿಂಡಿ ಆದಮೇಲೆ ಒಂದು ಜೆರೋಡಾಲ್-ಪಿ, ರಾತ್ರಿ ಒಂದು. ನೋವು ಜಾಸ್ತಿ ಇದ್ದ ದಿನ ಮಧ್ಯೆ ಒಂದು ಕಾಂಬಿಫ್ಲಾಮ್. ಎಲ್ಲಾ ಪೇಟೆಯ ಮೆಡಿಕಲ್‌ನಿಂದ ತಂದಿದ್ದು, ಡಾಕ್ಟರ್ ಚೀಟಿ ಇಲ್ಲ. ಕೊಯ್ಲು ಶುರುವಾದಾಗಿನಿಂದ ಹೀಗೇ ನಡೆದಿದೆ. ಅಮ್ಮನಿಗೆ ಬಿಪಿ ಇದೆ, ಟೆಲ್ಮಾ-ಎಚ್ ತಗೊಳ್ಳುತ್ತಾರೆ. ಶುಗರ್ ಇಲ್ಲ. ಈಚೆಗೆ ಸಂಜೆ ಹೊತ್ತು ಕಾಲು ಊದಿಕೊಳ್ಳುತ್ತಿದೆ, ಕೂತು ಕೂತು ಹಾಗಾಗಿದೆ ಅಂತ ಅವರ ಮಾತು. ಹೋದ ವಾರ ಬಿಪಿ ನೋಡಿಸಿದಾಗ 160 ದಾಟಿತ್ತು.

ನನ್ನ ಪ್ರಶ್ನೆಗಳು ಇಷ್ಟು. ಗ್ಯಾಸ್ ಮಾತ್ರೆ ಜೊತೆಗೆ ಕೊಟ್ಟರೆ ಇದನ್ನು ಕೊಯ್ಲು ಮುಗಿಯುವವರೆಗೆ ಮುಂದುವರಿಸಬಹುದಾ? ಮಾತ್ರೆಗಿಂತ ಇಂಜೆಕ್ಷನ್ ಒಳ್ಳೆಯದು, ಹೊಟ್ಟೆಗೆ ಹೋಗುವುದಿಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಾರೆ, ನಿಜವಾ? ಇನ್ನೊಂದು, ಅಪ್ಪನಿಗೆ ಹಾರ್ಟ್‌ಗೆ ಸ್ಟೆಂಟ್ ಹಾಕಿದೆ, ಇಕೋಸ್ಪ್ರಿನ್ ತಗೊಳ್ಳುತ್ತಾರೆ. ಅವರೂ ಸೊಂಟ ನೋವು ಅಂದಾಗ ಅಮ್ಮನ ಸ್ಟ್ರಿಪ್‌ನಿಂದಲೇ ಒಂದು ನುಂಗುತ್ತಾರೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.


ಮಾತ್ರೆಯಂಗಡಿ ಉತ್ತರಿಸಿದ್ದು:

ನಾನು ಫಾರ್ಮಸಿಸ್ಟ್. ಕೌಂಟರ್ ಹಿಂದೆ ನಿಂತು ದಿನಾ ನೋಡುವ ವಿಷಯ ಇದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ. ಜೆರೋಡಾಲ್-ಪಿ ಅಂದರೆ ಅಸೆಕ್ಲೋಫೆನಾಕ್ 100 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 325. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೇನ್ 400 ಮತ್ತು ಮತ್ತೆ ಅದೇ ಪ್ಯಾರಾಸಿಟಮಾಲ್ 325. ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಎರಡೂ ಒಂದೇ ಗುಂಪಿನ ಔಷಧಿ, ಉರಿಯೂತ ತಗ್ಗಿಸುವ ನೋವಿನ ಮಾತ್ರೆ. ಬ್ರ್ಯಾಂಡ್ ಬೇರೆ, ಬಣ್ಣ ಬೇರೆ, ಒಳಗೆ ಕೆಲಸ ಮಾತ್ರ ಒಂದೇ. ಎರಡೂ ಸೇರಿದರೆ ನೋವು ಎರಡು ಪಟ್ಟು ಕಡಿಮೆ ಆಗುವುದಿಲ್ಲ, ಹೊಟ್ಟೆಗೂ ಕಿಡ್ನಿಗೂ ಬೀಳುವ ಪೆಟ್ಟು ಮಾತ್ರ ಹೆಚ್ಚುತ್ತದೆ. ಅಸೆಕ್ಲೋಫೆನಾಕ್ ದಿನಕ್ಕೆ 200 ಮಿಲಿಗ್ರಾಂ ಮೇಲೆ ಹೋಗಬಾರದು. ನಿಮ್ಮ ಅಮ್ಮ ಎರಡು ಮಾತ್ರೆಯಲ್ಲೇ ಆ ಮಿತಿಗೆ ಬಂದು ನಿಂತಿದ್ದಾರೆ. ಅದರ ಮೇಲೆ ಕಾಂಬಿಫ್ಲಾಮ್ ಬೇಡವೇ ಬೇಡ.

ಈ ಗುಂಪಿನಲ್ಲಿ ನಮ್ಮ ಕಡೆ ಜಾಸ್ತಿ ಓಡುವ ಹೆಸರುಗಳು: ಬ್ರೂಫೆನ್ (ಐಬುಪ್ರೊಫೇನ್), ವೊವೆರಾನ್ (ಡೈಕ್ಲೋಫೆನಾಕ್), ನೈಸ್ (ನಿಮೆಸುಲೈಡ್), ಮೆಫ್ಟಾಲ್, ನ್ಯಾಪ್ರೊಕ್ಸೆನ್, ಈಚೆಗೆ ಎಟೋರಿಕಾಕ್ಸಿಬ್. ಡೋಲೋ 650 ಈ ಗುಂಪಿಗೆ ಸೇರಿದ್ದಲ್ಲ, ಅದು ಬರೀ ಪ್ಯಾರಾಸಿಟಮಾಲ್. ಜ್ವರ ಇಳಿಸುತ್ತದೆ, ನೋವು ಸ್ವಲ್ಪ ತಗ್ಗಿಸುತ್ತದೆ, ಊತ ಇಳಿಸುವುದಿಲ್ಲ. ಆದರೆ ಅದಕ್ಕೂ ಲೆಕ್ಕ ಬೇಕು, ಯಾಕೆಂದರೆ ಮಿಶ್ರ ಮಾತ್ರೆಗಳಲ್ಲೆಲ್ಲಾ ಅದು ಅಡಗಿ ಕೂತಿರುತ್ತದೆ. ಶೀತದ ಮಾತ್ರೆಯಲ್ಲೂ ಇರುತ್ತದೆ. ಗಟ್ಟಿಮುಟ್ಟಾದ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಕೊನೆ ಮಿತಿ. ವಯಸ್ಸಾದವರು, ಸಣ್ಣ ಮೈಕಟ್ಟಿನವರು 3 ಗ್ರಾಂ ಒಳಗೇ ಇರುವುದು ಒಳ್ಳೆಯದು. ಕುಡಿಯುವ ಅಭ್ಯಾಸ ಇದ್ದರೆ ಇನ್ನೂ ಕಡಿಮೆ.

ಮತ್ತೆ ಚೀಟಿ ಇಲ್ಲದೆ ಸಿಗುತ್ತದೆ ಅನ್ನುವ ವಿಷಯ. ಕೈಗೆ ಸುಲಭವಾಗಿ ಸಿಗುತ್ತದೆ ಅಂದಮಾತ್ರಕ್ಕೆ ಇದು ನಿರಪಾಯ ಅಂತಲ್ಲ. ಡೈಕ್ಲೋಫೆನಾಕ್ ಸ್ಟ್ರಿಪ್ ತಿರುಗಿಸಿ ನೋಡಿ, ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. ಅಂಗಡಿಗಳಲ್ಲಿ ಇದು ಪಾಲನೆ ಆಗುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇದರ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ.

ಇನ್ನೊಂದು ಮಾತು ಹೇಳಲೇಬೇಕು. ಹಳ್ಳಿ ಕಡೆ ‘ಮೈಕೈ ನೋವಿಗೆ ಒಂದು ಸೆಟ್ ಕೊಡಿ’ ಅಂತ ಕೇಳುತ್ತಾರೆ. ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ, ಒಂದು ನೋವಿನ ಮಾತ್ರೆ, ಒಂದು ಗ್ಯಾಸ್ ಮಾತ್ರೆ, ಒಂದು ಪುಟ್ಟ ಬಿಳಿ ಮಾತ್ರೆ ಸೇರಿಸಿ ಕಾಗದದಲ್ಲಿ ಕಟ್ಟಿ ಕೊಡುವವರು ಇದ್ದಾರೆ. ಆ ಪುಟ್ಟ ಮಾತ್ರೆ ಎಷ್ಟೋ ಸಲ ಸ್ಟೀರಾಯ್ಡ್. ಅದು ಸೇರಿದ್ದಕ್ಕೇ ಮರುದಿನ ಮೈ ಹಗುರ ಅನಿಸುವುದು. ನೋವಿನ ಮಾತ್ರೆ ಮತ್ತು ಸ್ಟೀರಾಯ್ಡ್ ಒಟ್ಟಿಗೆ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುವ ಅಪಾಯ ಒಂದೊಂದನ್ನೇ ತಗೊಂಡಾಗಿನದಕ್ಕಿಂತ ತುಂಬಾ ಜಾಸ್ತಿ. ಹೆಸರು, ಅವಧಿ ಮುಗಿಯುವ ದಿನಾಂಕ ಕಾಣದ ತುಂಡು ಸ್ಟ್ರಿಪ್ ಯಾರು ಕೊಟ್ಟರೂ ತಗೊಳ್ಳಬೇಡಿ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಮಂಡಿ ನೋವಿನ ಪುಡಿಗೂ ಇದೇ ಮಾತು. ‘ಬೇರಿನ ಔಷಧಿ’ ಅಂತ ಮಾರಿದ ಪುಡಿಯಲ್ಲಿ ಡೈಕ್ಲೋಫೆನಾಕ್, ಸ್ಟೀರಾಯ್ಡ್ ಬೆರೆಸಿದ್ದು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಯಲ್ಲೇ ಸಿಕ್ಕಿಬಿದ್ದಿದೆ.


ಹಳ್ಳಿಡಾಕ್ಟರ್ ಉತ್ತರಿಸಿದ್ದು:

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮ ಪೋಸ್ಟ್‌ನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಮಂಡಿ ಅಲ್ಲ, ‘ಟೆಲ್ಮಾ-ಎಚ್’, ‘ಕಾಲು ಊತ’, ‘160’ ಈ ಮೂರು.

ಈ ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಾದರೆ ಉಳಿದದ್ದೆಲ್ಲಾ ತಾನಾಗೇ ಅರ್ಥ ಆಗುತ್ತದೆ. ನಮ್ಮ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುಗಳಿವೆ. ಪೆಟ್ಟಾದ ಕಡೆ ನೋವು, ಊತ ತರುವುದು ಅವೇ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಅವೇ, ಕಿಡ್ನಿಗೆ ರಕ್ತ ಚೆನ್ನಾಗಿ ಹರಿಯುವ ಹಾಗೆ ನೋಡಿಕೊಳ್ಳುವುದೂ ಅವೇ. ಮಾತ್ರೆ ಇವು ತಯಾರಾಗುವುದನ್ನೇ ತಡೆಯುತ್ತದೆ. ಜಾನ್ ವೇನ್ ಅನ್ನುವ ಬ್ರಿಟಿಷ್ ವಿಜ್ಞಾನಿ 1971ರಲ್ಲಿ ಆಸ್ಪಿರಿನ್ ಮೇಲೆ ಇದನ್ನು ತೋರಿಸಿಕೊಟ್ಟರು, 1982ರಲ್ಲಿ ನೊಬೆಲ್ ಬಂತು. ಮಂಡಿಯಲ್ಲಿ ಮಾತ್ರ ತಡೆ, ಹೊಟ್ಟೆಯಲ್ಲಿ ಬೇಡ ಅಂತ ಮಾತ್ರೆಗೆ ಹೇಳಲು ಆಗುವುದಿಲ್ಲ, ಅದು ರಕ್ತದ ಮೂಲಕ ಎಲ್ಲಾ ಕಡೆಗೂ ಹೋಗುತ್ತದೆ.

ಇಂಜೆಕ್ಷನ್ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಸೊಂಟಕ್ಕೆ ಚುಚ್ಚಿದರೂ ಔಷಧಿ ರಕ್ತಕ್ಕೇ ಸೇರುವುದು. ಹೊಟ್ಟೆಯಲ್ಲಿ ಹುಣ್ಣು ಇಂಜೆಕ್ಷನ್‌ನಿಂದಲೂ ಆಗುತ್ತದೆ. ಊಟ ಮಾಡಿ ನುಂಗಿದರೆ ಉರಿ, ಸಂಕಟ ಕಡಿಮೆ ಆಗಬಹುದು, ಅಷ್ಟು ಮಾಡಲೇಬೇಕು. ಆದರೆ ಹುಣ್ಣೇ ಆಗುವುದಿಲ್ಲ ಅನ್ನುವ ಭರವಸೆ ಅದರಿಂದ ಸಿಗುವುದಿಲ್ಲ. ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಹೊಟ್ಟೆಯನ್ನು ಚೆನ್ನಾಗಿಯೇ ಕಾಯುತ್ತದೆ, ಅದನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಬೇಕು. ಕಿಡ್ನಿಗೆ ಮಾತ್ರ ಅದರಿಂದ ಏನೂ ಉಪಯೋಗವಿಲ್ಲ. ಹಾರ್ಟ್‌ಗೂ ಇಲ್ಲ. ಜನ ಗ್ಯಾಸ್ ಮಾತ್ರೆ ಸೇರಿಸಿಕೊಂಡು ನಿಶ್ಚಿಂತೆಯಿಂದ ತಿಂಗಳುಗಟ್ಟಲೆ ನುಂಗುವುದು ಇದೇ ತಪ್ಪು ನಂಬಿಕೆಯಿಂದ.

ಈಗ ಅಮ್ಮನ ವಿಷಯ. ಟೆಲ್ಮಾ-ಎಚ್‌ನಲ್ಲಿ ಎರಡು ಔಷಧಿ ಇವೆ. ಟೆಲ್ಮಿಸಾರ್ಟಾನ್ ಒಂದು, ಮೂತ್ರ ಹೆಚ್ಚು ಹೋಗುವ ಹಾಗೆ ಮಾಡುವ ಹೈಡ್ರೋಕ್ಲೋರೋಥಯಜೈಡ್ ಇನ್ನೊಂದು. ಇವುಗಳ ಜೊತೆ ನೋವಿನ ಮಾತ್ರೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ನೀವು ತೋಟದವರು, ಹೀಗೆ ನೋಡಿ: ಹಳ್ಳದಲ್ಲೇ ನೀರು ಇಳಿದಿದೆ, ತೋಟಕ್ಕೆ ಬರುವ ಕಾಲುವೆಯ ಬಾಯಿ ಕಿರಿದಾಗಿದೆ, ಕೆಳಗೆ ಹೊರಹೋಗುವ ತೂಬು ಅಗಲ ತೆರೆದಿದೆ, ಇನ್ನು ತೋಟದಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಮೂತ್ರದ ಮಾತ್ರೆ ನೀರಿನಂಶ ಇಳಿಸುತ್ತದೆ, ನೋವಿನ ಮಾತ್ರೆ ಕಿಡ್ನಿಗೆ ರಕ್ತ ತರುವ ನಾಳ ಕಿರಿದು ಮಾಡುತ್ತದೆ, ಟೆಲ್ಮಿಸಾರ್ಟಾನ್ ಹೊರಹೋಗುವ ನಾಳ ಸಡಿಲಿಸುತ್ತದೆ. ಸೋಸಲು ಬೇಕಾದ ಒತ್ತಡವೇ ಕಿಡ್ನಿಯೊಳಗೆ ಉಳಿಯುವುದಿಲ್ಲ. 2013ರಲ್ಲಿ ಬ್ರಿಟನ್ನಿನ ಸುಮಾರು 4 ಲಕ್ಷ 87 ಸಾವಿರ ಬಿಪಿ ರೋಗಿಗಳ ದಾಖಲೆ ನೋಡಿದ ಅಧ್ಯಯನ ಪ್ರಕಟವಾಯಿತು. ಈ ಮೂರೂ ಸೇರಿದಾಗ ಕಿಡ್ನಿಗೆ ದಿಢೀರ್ ಹಾನಿ ಆಗುವ ಅಪಾಯ 31% ಹೆಚ್ಚಿತ್ತು, ಮೊದಲ 30 ದಿನಗಳಲ್ಲಿ 82% ಹೆಚ್ಚಿತ್ತು. ಅಂದರೆ ವರ್ಷಗಟ್ಟಲೆ ತಗೊಂಡರೆ ಮಾತ್ರ ತೊಂದರೆ ಅಂತ ನಾವು ಅಂದುಕೊಂಡಿರುವುದೇ ಸರಿಯಲ್ಲ.

ಇದೇ ಮಾತ್ರೆ ಉಪ್ಪು ಮತ್ತು ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ, ಬಿಪಿ ಏರಿಸುತ್ತದೆ, ಬಿಪಿ ಮಾತ್ರೆಯ ಬಲ ಕುಗ್ಗಿಸುತ್ತದೆ. ಕಾಲು ಊದಿರುವುದು ಕೂತಿದ್ದಕ್ಕೂ ಇರಬಹುದು, ಆದರೆ ಇದರಿಂದಲೇ ಇರುವ ಸಾಧ್ಯತೆ ಜಾಸ್ತಿ. ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಬಿಪಿ ಏರಿದೆ ಅಂತ ಡಾಕ್ಟರ್ ಇನ್ನೊಂದು ಬಿಪಿ ಮಾತ್ರೆ ಸೇರಿಸುತ್ತಾರೆ, ಅಂಗಡಿಯಿಂದ ತಂದ ನೋವಿನ ಮಾತ್ರೆ ವಿಷಯ ರೋಗಿ ಹೇಳಿರುವುದೇ ಇಲ್ಲ. ಅದನ್ನು ಯಾರೂ ‘ಔಷಧಿ’ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲವಲ್ಲ.

ಆದ್ದರಿಂದ ಜೆರೋಡಾಲ್, ಕಾಂಬಿಫ್ಲಾಮ್ ಎರಡನ್ನೂ ಇವತ್ತೇ ನಿಲ್ಲಿಸಿ. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ವಾರದೊಳಗೆ ಸೀರಮ್ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತಿಳಿಸುವ ರಕ್ತ ಪರೀಕ್ಷೆ, ಏರಿದರೆ ಕಿಡ್ನಿಗೆ ತೊಂದರೆ ಅಂತ), ಪೊಟ್ಯಾಸಿಯಮ್ ಪರೀಕ್ಷೆ ಮಾಡಿಸಿ, ಸಾಗರದಲ್ಲೇ ಆಗುತ್ತದೆ. ಮಲ ಕರ್ರಗೆ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿ ಬಣ್ಣದ ಚೂರು ಬಂದರೆ, ಮೂತ್ರ ತೀರಾ ಕಡಿಮೆಯಾದರೆ, ಎದೆ ಹಿಡಿದುಕೊಂಡರೆ, ಉಸಿರು ಕಟ್ಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆ ತಗೊಳ್ಳುವವರಿಗೂ ಮಲ ಕಪ್ಪಾಗುತ್ತದೆ, ಅದು ಬೇರೆ. ಹೊಟ್ಟೆ ನೋವೇ ಇಲ್ಲದೆ ಒಳಗೆ ರಕ್ತ ಹೋಗುವುದು ವಯಸ್ಸಾದವರಲ್ಲಿ ಅಪರೂಪವೇನಲ್ಲ.

ಅಪ್ಪ ಆ ಸ್ಟ್ರಿಪ್ ಮುಟ್ಟಲೇಬಾರದು. ಇಕೋಸ್ಪ್ರಿನ್ ಅಂದರೆ ಆಸ್ಪಿರಿನ್, ಅದರ ಜೊತೆ ಇವು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಐಬುಪ್ರೊಫೇನ್ ಅಂತೂ ಆಸ್ಪಿರಿನ್ ಕೂರಬೇಕಾದ ಜಾಗವನ್ನೇ ಹಿಡಿದುಕೊಂಡು, ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅದರ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಡೈಕ್ಲೋಫೆನಾಕ್ ಹೃದ್ರೋಗ ಇರುವವರಿಗೆ ಕೂಡದು ಅಂತ ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ. ‘ಹೊಟ್ಟೆಗೆ ಒಳ್ಳೆಯದು’ ಅಂತ ಕೊಡುವ ಎಟೋರಿಕಾಕ್ಸಿಬ್ ಕೂಡ ಹಾರ್ಟ್‌ಗೆ, ಬಿಪಿಗೆ, ಕಿಡ್ನಿಗೆ ಒಳ್ಳೆಯದಲ್ಲ. ಸೊಂಟ ನೋವಿಗೆ ಅವರಿಗೆ ಪ್ಯಾರಾಸಿಟಮಾಲ್, ಶಾಖ, ಆಮೇಲೆ ಅವರ ಹಾರ್ಟ್ ಡಾಕ್ಟರ್ ಸಲಹೆ.

ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿ. ಮಂಡಿ ಸವೆತಕ್ಕೆ ಅದು ನಿಜಕ್ಕೂ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಮಾತ್ರೆಯ ಸುಮಾರು 6% ಅಷ್ಟೆ. ದಿನಕ್ಕೆ 3ರಿಂದ 4 ಸಲ, ಒಂದೆರಡು ವಾರ ಬಿಡದೆ ಹಚ್ಚಿದರೆ ಪರಿಣಾಮ ಗೊತ್ತಾಗುತ್ತದೆ, ಒಂದೇ ದಿನಕ್ಕೆ ಬಿಡಬೇಡಿ. ಕ್ರಿಯಾಟಿನಿನ್ ಏರಿದ್ದರೆ ಜೆಲ್ ಬಗ್ಗೆಯೂ ಡಾಕ್ಟರ್‌ಗೆ ಒಂದು ಮಾತು ಹೇಳಿ. ಪ್ಯಾರಾಸಿಟಮಾಲ್ ಮಂಡಿ ಸವೆತಕ್ಕೆ ಅಷ್ಟೇನೂ ಹಿಡಿಯುವುದಿಲ್ಲ, ಆದರೆ ಅವರ ಸ್ಥಿತಿಗೆ ಅದೇ ಕಡಿಮೆ ಅಪಾಯದ್ದು. ಮತ್ತೆ ನೆಲದ ಮೇಲೆ ಮಂಡಿ ಮಡಿಸಿ ಕೂರುವುದು ನಿಲ್ಲದೆ ಯಾವ ಔಷಧಿಯಿಂದಲೂ ಪ್ರಯೋಜನವಿಲ್ಲ. ಸುಲಿಯುವ ಯಂತ್ರ ಈಗ ಎಲ್ಲಾ ಕಡೆ ಬಾಡಿಗೆಗೆ ಸಿಗುತ್ತದೆ ಅಲ್ವಾ? ಅಥವಾ ಎತ್ತರದ ಸ್ಟೂಲ್‌ಗೆ ತಕ್ಕ ಹಾಗೆ ಕತ್ತಿ ಕೂರಿಸಿಕೊಡಿ.


ಮರಹತ್ತುವವ ಉತ್ತರಿಸಿದ್ದು:

ಎಲ್ಲಾ ಸರಿ. ಆದರೆ ನಮ್ಮಂಥವರಿಗೆ ಏನು ಹೇಳುತ್ತೀರಿ? ನಾನು ಅಡಿಕೆ ಕೊನೆ (ಗೊನೆ) ಕೊಯ್ಯುವ ಕೆಲಸ ಮಾಡುತ್ತೇನೆ, ತೀರ್ಥಹಳ್ಳಿ ಕಡೆ. ಕೊಯ್ಲು ಇರುವುದೇ ಕೆಲವು ತಿಂಗಳು, ಅಷ್ಟರಲ್ಲಿ ವರ್ಷದ ದುಡಿಮೆ ಆಗಬೇಕು. ಮರ ಹತ್ತಿ ಇಳಿದು ತೋಳು, ತೊಡೆ ಎಲ್ಲಾ ಕಟ್ಟಿ ಹೋಗಿರುತ್ತದೆ. ವಿಶ್ರಾಂತಿ ತಗೊಳ್ಳಿ ಅಂತ ಡಾಕ್ಟರ್ ಹೇಳುತ್ತಾರೆ. ಒಂದು ದಿನ ಕೂತರೆ ಆ ದಿನದ ಕೂಲಿ ಹೋಯಿತು, ಮರುದಿನಕ್ಕೆ ಬೇರೆಯವರನ್ನು ಕರೆಯುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಬೆಳಿಗ್ಗೆ ಮರ ಹತ್ತುವ ಮೊದಲೇ ಒಂದು ಮಾತ್ರೆ ಹಾಕಿಕೊಳ್ಳುತ್ತಾರೆ, ನೋವೇ ಬರದಿರಲಿ ಅಂತ. ನನಗೆ 38, ಬಿಪಿ ಶುಗರ್ ಏನೂ ಇಲ್ಲ. ನಾನು ತಗೊಳ್ಳಬಹುದಾ ಇಲ್ವಾ, ನೇರವಾಗಿ ಹೇಳಿ.


ಹಳ್ಳಿಡಾಕ್ಟರ್ ಉತ್ತರಿಸಿದ್ದು:

ನೇರವಾಗಿ ಹೇಳುತ್ತೇನೆ: ತಗೊಳ್ಳಬಹುದು. ನಿಮ್ಮ ವಯಸ್ಸಿನ, ಬೇರೆ ಕಾಯಿಲೆ ಇಲ್ಲದ, ಹಿಂದೆ ಹೊಟ್ಟೆ ಹುಣ್ಣಾಗಿರದ, ಆಸ್ತಮಾ ಇಲ್ಲದವರಿಗೆ ಕೆಲವು ದಿನದ ಮಟ್ಟಿಗೆ ಐಬುಪ್ರೊಫೇನ್ ಒಳ್ಳೆಯ ಔಷಧಿಯೇ. 400 ಮಿಲಿಗ್ರಾಂ, ಊಟ ಆದಮೇಲೆ, 6ರಿಂದ 8 ಗಂಟೆ ಬಿಟ್ಟು, ದಿನಕ್ಕೆ 1200 ಮಿಲಿಗ್ರಾಂ ಮೇಲೆ ಬೇಡ. ಒಂದು ಮಾತ್ರೆಯಲ್ಲಿ ತಡೆದರೆ ಎರಡನೆಯದು ಬೇಡ. ವಾರ, ಹತ್ತು ದಿನ ದಾಟಿಯೂ ಬೇಕೇ ಬೇಕು ಅನಿಸಿದರೆ ಅದು ಬರೀ ದಣಿವಿನ ನೋವಲ್ಲ, ತೋರಿಸಿ.

ಹತ್ತುವ ಮೊದಲೇ ಹಾಕಿಕೊಳ್ಳುವ ರೂಢಿ ಮಾತ್ರ ಬಿಡಿ. ನಿಮ್ಮದು ಜೀವ ಪಣಕ್ಕಿಟ್ಟು ಮಾಡುವ ಕೆಲಸ. ಭುಜ ಹಿಡಿಯುತ್ತಿದೆ, ಕೈ ಸೋಲುತ್ತಿದೆ ಅಂತ ಮೈ ಹೇಳುವುದು ನಿಮಗೆ ಕೇಳಿಸಬೇಕು. ಜೊತೆಗೆ ಬಿಸಿಲಲ್ಲಿ ಬೆವರು ಸುರಿದು, ನೀರು ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಮಾತ್ರೆ ಹೋದರೆ ಆರೋಗ್ಯವಂತರ ಕಿಡ್ನಿಗೂ ಕಷ್ಟ ಆಗುತ್ತದೆ. ಗಂಜಿ ಕುಡಿದು, ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಆಗಾಗ ಕುಡಿಯುತ್ತಾ ಕೆಲಸ ಮಾಡಿ. ಸಂಜೆ ಎಣ್ಣೆ ಹಾಕುವ ಅಭ್ಯಾಸ ಇದ್ದರೆ ಆ ದಿನ ಈ ಮಾತ್ರೆ ಬೇಡ. ಎರಡೂ ಹೊಟ್ಟೆಯ ಒಳಪದರವನ್ನೇ ಕೆರೆಯುತ್ತವೆ.

ವಿಶ್ರಾಂತಿ ತಗೊಳ್ಳಿ ಅಂತ ಬರೆದು ಕಳಿಸುವುದು ನಮಗೆ ಸುಲಭ, ಕೂಲಿ ಬಿಟ್ಟು ಕೂರುವವರ ಕಷ್ಟ ನಿಮ್ಮದು. ಅದಕ್ಕೇ ಹೆದರಿಸುವುದಕ್ಕಿಂತ ಸರಿಯಾದ ಲೆಕ್ಕ ಹೇಳುವುದು ನಮ್ಮ ಕೆಲಸ ಅಂತ ನಾನು ನಂಬಿದ್ದೇನೆ.


ಡಯಾಲಿಸಿಸ್ ಸಿಸ್ಟರ್ ಉತ್ತರಿಸಿದ್ದು:

ಶಿವಮೊಗ್ಗದ ಕಡೆಯವರು ಇಬ್ಬರು ಬರೆದಿದ್ದೀರಿ, ಅದಕ್ಕೆ ಒಂದು ಮುಖ್ಯ ವಿಷಯ ಸೇರಿಸುತ್ತೇನೆ. ನಾನು ಡಯಾಲಿಸಿಸ್ ಘಟಕದಲ್ಲಿ ನರ್ಸ್.

ಜ್ವರ ಇದ್ದಾಗ ಈ ಮಾತ್ರೆ ಮುಟ್ಟಬೇಡಿ. ಮೈಕೈ ನೋವು ಅಂತ ನುಂಗಿಬಿಡುತ್ತಾರೆ, ಆದರೆ ನಮ್ಮ ಮಲೆನಾಡಿನಲ್ಲಿ ಮೈ ಮುರಿಯುವ ನೋವಿನಿಂದಲೇ ಶುರುವಾಗುವ ಜ್ವರಗಳು ಮೂರಿವೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ, ಅಂದರೆ ಕೊಯ್ಲು, ಸೊಪ್ಪು ದರಗು ತರುವ ಕಾಲವೇ. ಅದರಲ್ಲಿ ರಕ್ತಸ್ರಾವ ಆಗುವ ಅಪಾಯ ಇದೆ. ಡೆಂಗಿಯಲ್ಲೂ ಅಷ್ಟೆ, ಪ್ಲೇಟ್‌ಲೆಟ್ ಇಳಿದಿರುತ್ತದೆ, ಅದರ ಮೇಲೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಬಿದ್ದರೆ ರಕ್ತ ನಿಲ್ಲುವುದು ಇನ್ನಷ್ಟು ಕಷ್ಟ. 2024ರಲ್ಲಿ ಡೆಂಗಿ ಎಷ್ಟು ಹಬ್ಬಿತು ಅಂದರೆ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಯಿತು, ನೆನಪಿದೆಯಲ್ಲ. ಮೂರನೆಯದು ಇಲಿ ಜ್ವರ. ಗದ್ದೆ, ತೋಟದ ನೀರಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಬರುತ್ತದೆ, ಮೀನಖಂಡ ವಿಪರೀತ ನೋಯುತ್ತದೆ. ಆ ಜ್ವರವೇ ಕಿಡ್ನಿಗೆ ಹೋಗುವಂಥದ್ದು. ಅಂಥ ಕಿಡ್ನಿಯ ಮೇಲೆ ನೋವಿನ ಮಾತ್ರೆ ಹಾಕಿಕೊಂಡು, ಮೂತ್ರ ನಿಂತ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಕೆಲವರು ಗುಣವಾಗಿ ಮನೆಗೆ ಹೋಗುತ್ತಾರೆ, ಎಲ್ಲರೂ ಹೋಗುವುದಿಲ್ಲ. ಅದನ್ನು ನೋಡಿಯೇ ಇಷ್ಟು ಒತ್ತಿ ಹೇಳುತ್ತಿರುವುದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ, ಅದೂ ಲೆಕ್ಕದಲ್ಲಿ. ಎರಡು ದಿನದಲ್ಲಿ ಇಳಿಯದಿದ್ದರೆ ರಕ್ತ ಪರೀಕ್ಷೆ. ವಾಂತಿ ಭೇದಿ ಆಗುತ್ತಿರುವಾಗಲೂ ನೋವಿನ ಮಾತ್ರೆ ಬೇಡ, ಮೈಯಲ್ಲಿ ನೀರೇ ಇರುವುದಿಲ್ಲ.


ಹಕ್ಕಿಹಿಂದೆ ಉತ್ತರಿಸಿದ್ದು:

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಕಿಡ್ನಿ ಅಂದಾಗ ಹೇಳಬೇಕು ಅನಿಸಿತು. ನಮ್ಮ ರಣಹದ್ದುಗಳು ಹೆಚ್ಚುಕಡಿಮೆ ಅಳಿದುಹೋಗಿದ್ದು ಇದೇ ಡೈಕ್ಲೋಫೆನಾಕ್‌ನಿಂದ. ದನಗಳಿಗೆ ನೋವಿಗೆ ಅಂತ ಕೊಡುತ್ತಿದ್ದರು. ಸತ್ತ ದನ ತಿಂದ ಹದ್ದುಗಳ ಕಿಡ್ನಿ ಕೆಲಸ ನಿಲ್ಲಿಸಿ, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆಲ್ಲಾ ಕೂತು ಸಾಯುತ್ತಿದ್ದವು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು, ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮ ಆಯಿತು. 2023ರಲ್ಲಿ ಅಸೆಕ್ಲೋಫೆನಾಕ್‌ಗೂ ಅದೇ ನಿಷೇಧ ಬಂತು, ಯಾಕೆಂದರೆ ದನದ ಮೈಯಲ್ಲಿ ಅದು ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಮನುಷ್ಯರ ದೇಹ ಬೇರೆ, ಹದ್ದಿನಷ್ಟು ಸೂಕ್ಷ್ಮವಲ್ಲ, ಅದು ಗೊತ್ತು. ಆದರೆ ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ, ಇಂಜೆಕ್ಷನ್ ದನಕ್ಕೆ ಕೊಡಬೇಡಿ.


ಕರಾವಳಿಹುಡುಗಿ ಉತ್ತರಿಸಿದ್ದು:

ಇಲ್ಲೇ ಕೇಳಿಬಿಡುತ್ತೇನೆ. ಮುಟ್ಟಿನ ನೋವಿಗೆ ಮೆಫ್ಟಾಲ್ ಸ್ಪಾಸ್ ಪ್ರತಿ ತಿಂಗಳು ತಗೊಳ್ಳುತ್ತೇನೆ. ಅದೂ ಇದೇ ಗುಂಪಾ? ನಿಲ್ಲಿಸಬೇಕಾ? ಅಕ್ಕ ಈಗ ಬಸುರಿ, ಅವಳ ತಲೆನೋವಿಗೂ ಇದನ್ನೇ ಕೊಡಬಹುದಾ?


ಮಾತ್ರೆಯಂಗಡಿ ಉತ್ತರಿಸಿದ್ದು:

ಇದೇ ಗುಂಪು. ಮೆಫೆನಾಮಿಕ್ ಆಸಿಡ್ 250, ಜೊತೆಗೆ ಹೊಟ್ಟೆ ಹಿಂಡುವುದನ್ನು ತಡೆಯುವ ಡೈಸೈಕ್ಲೋಮಿನ್ 10. ಮುಟ್ಟಿನ ನೋವು ಬರುವುದೂ ಪ್ರೊಸ್ಟಗ್ಲಾಂಡಿನ್‌ನಿಂದಲೇ, ಹಾಗಾಗಿ ಈ ಮಾತ್ರೆ ಅಲ್ಲಿ ಸರಿಯಾದ ಕೆಲಸವನ್ನೇ ಮಾಡುತ್ತದೆ. ಆರೋಗ್ಯವಂತರು ತಿಂಗಳಿಗೆ ಎರಡು ಮೂರು ದಿನ ಊಟದ ಮೇಲೆ ತಗೊಂಡರೆ ಚಿಂತೆ ಬೇಡ. ಒಂದು ಎಚ್ಚರಿಕೆ ಇದೆ. 2023ರ ಕೊನೆಗೆ ಭಾರತೀಯ ಫಾರ್ಮಕೋಪಿಯಾ ಆಯೋಗ ಮೆಫೆನಾಮಿಕ್ ಆಸಿಡ್ ಬಗ್ಗೆ ಸೂಚನೆ ಕೊಟ್ಟಿತು. ಅಪರೂಪಕ್ಕೆ ಕೆಲವರಿಗೆ ಮಾತ್ರೆ ತಗೊಂಡ ಕೆಲವು ವಾರಗಳಲ್ಲಿ ಜ್ವರ, ಮೈತುಂಬಾ ದದ್ದು, ಗಂಟು ಊತ ಬಂದು ಒಳಗಿನ ಅಂಗಗಳಿಗೂ ತೊಂದರೆ ಆಗುತ್ತದೆ. ಹಾಗೆ ಕಂಡರೆ ಮಾತ್ರೆ ನಿಲ್ಲಿಸಿ, ಸ್ಟ್ರಿಪ್ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ. ಪ್ರತಿ ತಿಂಗಳೂ ನೋವು ಹೆಚ್ಚುತ್ತಲೇ ಹೋದರೆ, ಮಾತ್ರೆಗೂ ಬಗ್ಗದಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ.

ಅಕ್ಕನಿಗೆ ಬೇಡ. 20 ವಾರ ದಾಟಿದ ಮೇಲೆ ಈ ಗುಂಪಿನ ಮಾತ್ರೆ ಮಗುವಿನ ಕಿಡ್ನಿಗೆ ತೊಂದರೆ ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಹುದು, ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಹೊತ್ತಿಗೆ ಮೊದಲೇ ಮುಚ್ಚಿಬಿಡಬಹುದು. 20 ವಾರ ಆಗಿರದಿದ್ದರೂ ಡಾಕ್ಟರ್ ಹೇಳದೆ ಬೇಡ. ಬಸುರಿಯ ತಲೆನೋವು ಬಿಪಿ ಏರಿದ್ದಕ್ಕೂ ಬರುತ್ತದೆ, ಮೊದಲು ಬಿಪಿ ನೋಡಿಸಿ.

ಮಕ್ಕಳ ವಿಷಯ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ನಿಮೆಸುಲೈಡ್ 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದು 2011ರಿಂದಲೇ ನಮ್ಮ ದೇಶದಲ್ಲಿ ನಿಷೇಧ. ಮನೆಯಲ್ಲಿರುವ ನೈಸ್ ಮಾತ್ರೆ ಅರ್ಧ ಮಾಡಿ ಕೊಡುವುದು ಬೇಡ. ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೂಡ ಬೇಡ.


ತೋಟದಮನೆ ಉತ್ತರಿಸಿದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಪರೀಕ್ಷೆ ಮಾಡಿಸಿದೆವು. ಅಮ್ಮನ ಕ್ರಿಯಾಟಿನಿನ್ 1.6 ಬಂತು, ಹೋದ ವರ್ಷದ ಹಳೇ ವರದಿ ಹುಡುಕಿದರೆ 0.9 ಇತ್ತು. ಡಾಕ್ಟರ್‌ಗೆ ಎರಡೂ ಸ್ಟ್ರಿಪ್ ತೋರಿಸಿದೆ. ನೋವಿನ ಮಾತ್ರೆ ಪೂರ್ತಿ ನಿಲ್ಲಿಸಿ, ಬಿಪಿ ಮಾತ್ರೆಯಲ್ಲೂ ಸ್ವಲ್ಪ ಬದಲಾವಣೆ ಮಾಡಿದರು, ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದರು. ಇವತ್ತು 1.1 ಇದೆ. ಕಾಲು ಊತ ಇಳಿದಿದೆ, ಬಿಪಿ 138ಕ್ಕೆ ಬಂದಿದೆ. ಮಂಡಿ ನೋವು ಮಾತ್ರ ಇದ್ದೇ ಇದೆ, ಜೆಲ್ ಹಚ್ಚಿದರೆ ಸ್ವಲ್ಪ ವಾಸಿ ಅನ್ನುತ್ತಾರೆ. ಯಂತ್ರದವರನ್ನು ಕರೆಸಿ ಉಳಿದ ಅಡಿಕೆ ಸುಲಿಸಿದೆವು. ಬೆಟ್ಟೆಗೆ (ಅಡಿಕೆಯ ಒಂದು ಬಗೆ) ಅಂತ ಸ್ವಲ್ಪ ಕೈಯಲ್ಲೇ ಸುಲಿಯುತ್ತೇನೆ ಅಂತ ಹಟ, ಅದನ್ನು ಸ್ಟೂಲ್ ಮೇಲೆ ಕೂತು ಮಾಡುತ್ತಾರೆ.

ಎರಡು ಸಣ್ಣ ಪ್ರಶ್ನೆ. ಜೆಲ್ ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬಹುದಾ, ಇನ್ನೂ ಬೇಗ ಹಿಡಿಯುತ್ತದೆ ಅಂತ ಅಮ್ಮ ಕೇಳುತ್ತಾರೆ. ಮತ್ತೆ, ಮುಂದೆ ಯಾವತ್ತೂ ಒಂದು ಮಾತ್ರೆಯೂ ಕೊಡಬಾರದಾ?


ಹಳ್ಳಿಡಾಕ್ಟರ್ ಉತ್ತರಿಸಿದ್ದು:

1.1ಕ್ಕೆ ಇಳಿದಿದ್ದು ಕೇಳಿ ಸಮಾಧಾನ ಆಯಿತು. ಇನ್ನೂ ಹಳೆಯ ಮಟ್ಟಕ್ಕೆ ಬಂದಿಲ್ಲ, ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ನೋಡಿಸಿ.

ಜೆಲ್ ಮೇಲೆ ಶಾಖ ಬೇಡ. ಬಿಸಿ ತಾಗಿದರೆ, ಬಟ್ಟೆ ಬಿಗಿಯಾಗಿ ಸುತ್ತಿದರೆ ಔಷಧಿ ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಇಳಿಯುತ್ತದೆ, ಚರ್ಮವೂ ಸುಡಬಹುದು. ಬೆಳಿಗ್ಗೆ ಶಾಖ ಕೊಟ್ಟು, ಚರ್ಮ ತಣ್ಣಗಾಗಿ ಒಣಗಿದ ಮೇಲೆ ಜೆಲ್ ಹಚ್ಚಲಿ. ಹಚ್ಚಿದ ಕೈ ಸೋಪಿನಲ್ಲಿ ತೊಳೆದೇ ಅಡಿಕೆ ಮುಟ್ಟಲಿ, ಕಣ್ಣಿಗೆ ಕೈ ಹಾಕದಿರಲಿ.

ಮುಂದೆ ಮಾತ್ರೆ ಬೇಕೇ ಬೇಕು ಅನ್ನುವ ದಿನ ಬಂದರೆ ನಿಮ್ಮ ಡಾಕ್ಟರನ್ನು ಕೇಳದೆ ಬೇಡ. ಬಿಪಿ ಚೀಟಿಯ ಮೇಲ್ಭಾಗದಲ್ಲಿ ‘ನೋವಿನ ಮಾತ್ರೆಯಿಂದ ಕ್ರಿಯಾಟಿನಿನ್ 1.6 ಆಗಿತ್ತು’ ಅಂತ ದಿನಾಂಕ ಹಾಕಿ ಬರೆಸಿಟ್ಟುಕೊಳ್ಳಿ. ಹಲ್ಲು ಕೀಳಿಸಲು ಹೋದರೂ, ಬಿದ್ದು ಪೆಟ್ಟಾಗಿ ಬೇರೆ ಊರಿನ ಆಸ್ಪತ್ರೆಗೆ ಹೋದರೂ ಅದನ್ನು ತೋರಿಸಿ. ಅಲ್ಲಿಯವರು ಮೊದಲು ಬರೆಯುವುದೇ ಈ ಮಾತ್ರೆಯನ್ನು.